ರೋಟರಿ ಸಭೆಯ ರಾಜಕಾರಣ, ರೈತರ ನಾಲ್ಕು ಪ್ರಶ್ನೆ



ನಿಮ್ಮ ತಾಲ್ಲೂಕು ಊರಿನಲ್ಲಿ ಒಂದು ರೋಟರಿ ಕ್ಲಬ್ಬೋ ಲಯನ್ಸ್ ಕ್ಲಬ್ಬೋ ಇದ್ದೇ ಇರುತ್ತದೆ. ವಾರಕ್ಕೊಂದು ಸಲವೋ ಹದಿನೈದು ದಿನಕ್ಕೊಂದು ಸಲವೋ ಸಂಜೆ ಹೊತ್ತು ಸಭೆ ಸೇರುತ್ತಾರೆ. ಅಧ್ಯಕ್ಷರು ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ಗಂಟೆ ಬಾರಿಸಿದರೆ ಸಭೆ ಶುರು, ಇನ್ನೊಂದು ಸಲ ಬಾರಿಸಿದರೆ ಮುಕ್ತಾಯ. ನಡುವೆ ಒಬ್ಬ ಅತಿಥಿಯಿಂದ ಉಪನ್ಯಾಸ. ಒಂದು ವಾರ ಸಕ್ಕರೆ ಕಾಯಿಲೆ, ಇನ್ನೊಂದು ವಾರ ಆದಾಯ ತೆರಿಗೆ. ಚುನಾವಣೆ ಹತ್ತಿರ ಬಂದರೆ, ಇಲ್ಲವೇ ಮುಖ್ಯಮಂತ್ರಿ ಕುರ್ಚಿ ಅಲ್ಲಾಡಿದರೆ, "ರಾಜ್ಯ ರಾಜಕಾರಣ: ಒಂದು ಅವಲೋಕನ". ಮಾತಾಡಲು ಬರುವವರು ಒಬ್ಬ ಮಾಜಿ ಮಂತ್ರಿ, ಒಬ್ಬ ಪತ್ರಕರ್ತ, ಇಲ್ಲವೇ ಒಬ್ಬ ಪ್ರೊಫೆಸರ್.

"ಪೇಟೆಯವರ ಸಭೆ, ನಮಗ್ಯಾಕೆ ಅದರ ಉಸಾಬರಿ?" ಅನ್ನಬೇಡಿ. ಆ ಸಭೆಯಲ್ಲಿ ಕೂತವರು ಯಾರು ಅಂತ ಒಮ್ಮೆ ನೋಡಿ. ಗೊಬ್ಬರದ ಅಂಗಡಿ ಮಾಲೀಕರು ಇದ್ದಾರೆ, ಮಂಡಿ ಸಾಹುಕಾರರು ಇದ್ದಾರೆ, ಅಕ್ಕಿ ಗಿರಣಿಯವರು, ಟ್ರ್ಯಾಕ್ಟರ್ ಮಾರುವವರು, ಬ್ಯಾಂಕ್ ಮ್ಯಾನೇಜರು, ವಕೀಲರು, ಡಾಕ್ಟರು, ಗುತ್ತಿಗೆದಾರರು, ಕಾಲೇಜಿನ ಪ್ರಿನ್ಸಿಪಾಲರು ಇದ್ದಾರೆ. ನಿಮ್ಮ ಹೊಲದಲ್ಲಿ ಬೆಳೆ ಬಂದರೆ ಇವರಲ್ಲಿ ಹೆಚ್ಚಿನವರ ಗಲ್ಲಾ ತುಂಬುತ್ತದೆ, ಬರದಿದ್ದರೆ ಬೀದಿಯೆಲ್ಲ ಬಣಗುಟ್ಟುತ್ತದೆ. ಆದರೂ ಆ ಕೋಣೆಯಲ್ಲಿ ನೀವಿಲ್ಲ. ಮಲೆನಾಡಿನ ಕಡೆ ಕಾಫಿ ತೋಟದವರು ಕೆಲವರು ಸದಸ್ಯರಾಗಿರುವುದು ನಿಜ. ಬಯಲುಸೀಮೆಯಲ್ಲಿ ನಾಲ್ಕೈದು ಎಕರೆ ರಾಗಿ, ಜೋಳ, ಕಬ್ಬು ಬೆಳೆಯುವವನು ಅಲ್ಲಿ ಕೂತದ್ದು ಅಪರೂಪ. ಆದರೆ "ತಾಲ್ಲೂಕಿನ ಅಭಿಪ್ರಾಯ" ಅಂತ ಪತ್ರಿಕೆಯಲ್ಲಿ ಅಚ್ಚಾಗುವುದು, ತಹಸೀಲ್ದಾರರ ಕಿವಿಗೆ ಬೀಳುವುದು, ಶಾಸಕರು ಊಟದ ಹೊತ್ತಿನಲ್ಲಿ ಕೇಳಿಸಿಕೊಳ್ಳುವುದು ಬಹುಪಾಲು ಇಂಥ ಕೋಣೆಗಳ ಮಾತನ್ನೇ. ಅಲ್ಲಿ ನಿಮ್ಮ ಬೆಲೆ, ನಿಮ್ಮ ಸಾಲ ಮಾತಿಗೆ ಬರದಿದ್ದರೆ ನಷ್ಟ ಅವರಿಗಲ್ಲ, ನಿಮಗೆ.

ಕ್ಲಬ್ಬುಗಳನ್ನು ಹಳಿಯಲು ಈ ಲೇಖನವಲ್ಲ. ಕಣ್ಣಿನ ಶಿಬಿರ ನಡೆಸಿ ನಮ್ಮ ಹಳ್ಳಿಯ ಅಜ್ಜ ಅಜ್ಜಿಯರಿಗೆ ಪೊರೆ ತೆಗೆಸಿದವರು ಇವರೇ. ರೋಟರಿಯವರು 1985ರಲ್ಲಿ ಪೋಲಿಯೋ ವಿರುದ್ಧ ಜಗತ್ತಿನಾದ್ಯಂತ ಕೆಲಸ ಹಿಡಿದರು. ಇಂಡಿಯಾದಲ್ಲಿ ಕಡೆಯ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರಲ್ಲಿ ದೇಶ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು. ಆ ಕೆಲಸದಲ್ಲಿ ಅವರ ಪಾಲಿದೆ, ಅದಕ್ಕೆ ನಮಸ್ಕಾರ. ಕ್ಲಬ್ಬು ಯಾವ ಪಕ್ಷದ ಪರವಾಗಿಯೂ, ಯಾವ ಅಭ್ಯರ್ಥಿಯ ಪರವಾಗಿಯೂ ನಿಲ್ಲಬಾರದು ಎಂಬ ನಿಯಮವೂ ಅವರಿಗಿದೆ. ಆದರೆ ಸಾರ್ವಜನಿಕರ ಹಿತದ ಪ್ರಶ್ನೆಯನ್ನು ಚರ್ಚಿಸಬಾರದು ಎಂಬ ನಿಯಮವಿಲ್ಲ. ನಮ್ಮ ತಕರಾರು ಕ್ಲಬ್ಬಿನ ಮೇಲಲ್ಲ, ಅಲ್ಲಿ "ರಾಜ್ಯ ರಾಜಕಾರಣ" ಎಂಬ ಹೆಸರಿನಲ್ಲಿ ಬಡಿಸುವ ಎಡೆಯ ಮೇಲೆ.

ಏನದು ಆ ಎಡೆ? ವಿಧಾನಸಭೆಯಲ್ಲಿ 224 ಸ್ಥಾನ, 113 ಬಂದರೆ ಸರ್ಕಾರ. ಯಾವ ಜಾತಿಯವರು ಎಷ್ಟು, ಯಾವ ಮಠ ಯಾರ ಕಡೆ. 2019ರಲ್ಲಿ ಹದಿನೇಳು ಶಾಸಕರು ಹೇಗೆ ಜಿಗಿದರು, 2023ರಲ್ಲಿ ಕಾಂಗ್ರೆಸ್ಸಿಗೆ 135 ಹೇಗೆ ಬಂತು. ಯಾರು ಯಾರ ಮನೆಯಲ್ಲಿ ಉಂಡರು, ದೆಹಲಿಯಲ್ಲಿ ಯಾರು ಯಾರಿಗೆ ಏನೆಂದರು. ಕೇಳಲು ಚೆನ್ನಾಗಿರುತ್ತದೆ, ಬಯಲಾಟ ನೋಡಿದ ಹಾಗೆ. ಮುಗಿದ ಮೇಲೆ ಅತಿಥಿಗೆ ಶಾಲು, ಹಾರ, ನೆನಪಿನ ಕಾಣಿಕೆ, ವಂದನಾರ್ಪಣೆ, ಊಟ. ಅಷ್ಟು ಹೊತ್ತಿನಲ್ಲಿ ರಾಗಿಯ ಬೆಲೆ ಒಂದು ಸಲವಾದರೂ ಬಂತೇ? ಸೊಸೈಟಿ ಸಾಲ ಬಂತೇ? ಇಲ್ಲ ಸ್ವಾಮಿ. ಬಂದರೂ "ರೈತರ ಸಾಲ ಮನ್ನಾ ಮಾಡಿ ಖಜಾನೆ ಬರಿದಾಯಿತು" ಎಂಬ ಒಂದು ಮಾತಿನಲ್ಲಿ ಬಂದು ಹೋಗುತ್ತದೆ.

ಚರಿತ್ರೆ ಹೇಳುವಾಗಲೂ ಹಾಗೆಯೇ. 1983ರ ಜನವರಿಯಲ್ಲಿ ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು, ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ಇದನ್ನು ಉಪನ್ಯಾಸಕರು ಹೆಗಡೆಯವರ ಚಾಣಾಕ್ಷತನ ಅನ್ನುತ್ತಾರೆ, ಬಂಗಾರಪ್ಪನವರ ಬಂಡಾಯ ಅನ್ನುತ್ತಾರೆ, ಗುಂಡೂರಾಯರ ದರ್ಬಾರು ಅನ್ನುತ್ತಾರೆ. ಎಲ್ಲವೂ ಇರಬಹುದು. ಆದರೆ ಅದಕ್ಕೆ ಎರಡೂವರೆ ವರ್ಷ ಮುಂಚೆ ಏನಾಯಿತು? ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರಿನ ಕರ, ಅಭಿವೃದ್ಧಿ ಕರ ಅಂತ ರೈತರ ಮೇಲೆ ಹೇರಿದರು. ಕೊಡಲಾರೆವು ಅಂತ ರೈತರು ಬೀದಿಗೆ ಬಂದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಪೊಲೀಸರ ಗುಂಡಿಗೆ ರೈತರು ಬಿದ್ದರು. ಅಲ್ಲಿಂದ ಚಳವಳಿ ನಾಡಿಗೆಲ್ಲ ಹಬ್ಬಿತು, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಇವತ್ತಿಗೂ ಜುಲೈ 21ನ್ನು ರೈತ ಹುತಾತ್ಮ ದಿನವೆಂದು ಆಚರಿಸುತ್ತೇವೆ. ಗದ್ದೆಯಿಂದ ಎದ್ದ ಆ ಸಿಟ್ಟು ಸರ್ಕಾರ ಬೀಳಲು ಒಂದು ದೊಡ್ಡ ಕಾರಣವಾಯಿತು. ಆ ಜುಲೈಯನ್ನು ಬಿಟ್ಟು 1983ರ ಕತೆ ಹೇಳಿದರೆ ಅದು ಬೇರು ಬಿಟ್ಟು ಮರದ ಮಾತಾಡಿದ ಹಾಗೆ.

ಹಳೆಯದು ಬಿಡಿ, ಮೊನ್ನೆಯದನ್ನೇ ತೆಗೆದುಕೊಳ್ಳಿ. 2025ರ ನವೆಂಬರಿನಲ್ಲಿ ಪತ್ರಿಕೆಗಳ ಮುಖಪುಟದಲ್ಲಿ "ನವೆಂಬರ್ ಕ್ರಾಂತಿ" ಎಂಬ ಮಾತು. ಸಿದ್ದರಾಮಯ್ಯನವರು ಕುರ್ಚಿ ಬಿಡುತ್ತಾರೋ, ಶಿವಕುಮಾರರಿಗೆ ಸಿಗುತ್ತದೋ ಎಂಬುದೇ ಕ್ರಾಂತಿ! ಆಮೇಲೆ ಒಬ್ಬರ ಮನೆಯಲ್ಲಿ ಇನ್ನೊಬ್ಬರಿಗೆ ನಾಷ್ಟಾ ಏನಿತ್ತು ಎಂಬುದೂ ಸುದ್ದಿ. ಅದೇ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಟನ್ನಿಗೆ 3,500 ರೂಪಾಯಿ ಬೇಕೆಂದು ಹಗಲು ರಾತ್ರಿ ರಸ್ತೆಯಲ್ಲಿ ಕೂತಿದ್ದರು. ಕಡೆಗೆ 3,300ಕ್ಕೆ ತೀರ್ಮಾನವಾಯಿತು. ಅದೇ ತಿಂಗಳು ಮೆಕ್ಕೆಜೋಳಕ್ಕೆ ಕೇಂದ್ರ ಸಾರಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಇದ್ದರೂ ಪೇಟೆಯಲ್ಲಿ ದರ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು, ಗದಗ, ಹಾವೇರಿ ಕಡೆ ರೈತರು ಖರೀದಿ ಕೇಂದ್ರ ತೆರೆಯಿರಿ ಅಂತ ಧರಣಿ ಕೂತರು. ಒಂದೇ ತಿಂಗಳು, ಎರಡು ನವೆಂಬರು. ಕ್ಲಬ್ಬಿನ ಉಪನ್ಯಾಸಕ್ಕೆ ಬರುವುದು ಯಾವ ನವೆಂಬರು, ನೀವೇ ಹೇಳಿ.

"ಬೆಲೆ, ಸಾಲ ಇವೆಲ್ಲ ಆರ್ಥಿಕ ವಿಷಯ, ರಾಜಕಾರಣವಲ್ಲ" ಅಂತ ಕೆಲವು ಬುದ್ಧಿವಂತರು ವಾದಿಸುತ್ತಾರೆ. ಅವರಿಗೆ ಸಂವಿಧಾನವನ್ನೇ ತೋರಿಸಿ. ಏಳನೆಯ ಅನುಸೂಚಿಯಲ್ಲಿ ರಾಜ್ಯದ ಕೈಗೆ ಕೊಟ್ಟ ವಿಷಯಗಳ ಪಟ್ಟಿ ಇದೆ. ಅದರಲ್ಲಿ 14ನೆಯದು ಕೃಷಿ. 17 ನೀರು. 18 ಭೂಮಿ. 28 ಮಾರುಕಟ್ಟೆ ಮತ್ತು ಜಾತ್ರೆ. 30 ಲೇವಾದೇವಿ, ಮತ್ತು ಅದೇ ಸಾಲಿನಲ್ಲಿ ರೈತರ ಋಣಭಾರದ ಪರಿಹಾರ. 32ರಲ್ಲಿ ಸಹಕಾರ ಸಂಘಗಳು. ಅಂದರೆ ನಿಮ್ಮ ಹೊಲ, ನಿಮ್ಮ ಕಾಲುವೆ, ನಿಮ್ಮ ಎಪಿಎಂಸಿ, ನಿಮ್ಮ ಸೊಸೈಟಿ, ನಿಮ್ಮ ಸಾಲ ಇಷ್ಟೂ ವಿಧಾನಸೌಧದ ಬಾಬ್ತು. ಇದನ್ನು ಬಿಟ್ಟರೆ ರಾಜ್ಯ ರಾಜಕಾರಣದಲ್ಲಿ ಇನ್ನೇನು ಉಳಿಯುತ್ತದೆ? ಕುರ್ಚಿ ಉಳಿಯುತ್ತದೆ.

ರಾಜ್ಯಕ್ಕೆ ಈ ಅಧಿಕಾರ ಬರೀ ಕಾಗದದ ಮೇಲಿದೆ ಅಂತಲೂ ಅಲ್ಲ. ದೇವರಾಜ ಅರಸರ ಕಾಲದಲ್ಲಿ, 1976ರಲ್ಲಿ, ಋಣ ಪರಿಹಾರ ಕಾಯ್ದೆ ತಂದು ಬಡವರ ಖಾಸಗಿ ಸಾಲಕ್ಕೆ ಬಿಡುಗಡೆ ಕೊಟ್ಟರು. 2018ರಲ್ಲಿ ಅಂಥದೇ ಇನ್ನೊಂದು ಕಾಯ್ದೆ ಆಯಿತು. 2019ರ ಜುಲೈನಲ್ಲಿ ಅದು ಜಾರಿಗೆ ಬಂದಾಗ ಸಣ್ಣ ಹಿಡುವಳಿದಾರರು, ಭೂಮಿಯಿಲ್ಲದ ಕೂಲಿಯವರು 90 ದಿನದೊಳಗೆ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬೇಕಿತ್ತು. ನಿಮ್ಮೂರಿನಲ್ಲಿ ಎಷ್ಟು ಜನಕ್ಕೆ ಆ ಸುದ್ದಿ ತಿಳಿದಿತ್ತು? 2025ರಲ್ಲಿ ಮೈಕ್ರೋ ಫೈನಾನ್ಸಿನವರ ಕಾಟ ತಾಳಲಾರದೆ ಜನ ಊರು ಬಿಡುವ ಹಂತಕ್ಕೆ ಬಂದಾಗ, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ಎಂಬ ಸುಗ್ರೀವಾಜ್ಞೆ ಬಂತು. ಅಂದರೆ ಮನಸ್ಸು ಮಾಡಿದಾಗ ಸರ್ಕಾರದ ಕೈಯಲ್ಲಿ ಆಗುತ್ತದೆ. ಮನಸ್ಸು ಮಾಡಿಸುವುದೇ ರಾಜಕಾರಣ.

ಕೇಂದ್ರದ ಪಾಲನ್ನೂ ಮರೆಯಬಾರದು. ಬೆಂಬಲ ಬೆಲೆ ಸಾರುವುದು ದೆಹಲಿ. ಕಬ್ಬಿನ ನ್ಯಾಯಬೆಲೆ ಕಟ್ಟುವುದೂ ದೆಹಲಿ. ಅದರಲ್ಲಿರುವ ಕೈಚಳಕ ನೋಡಿ. 2017-18ರವರೆಗೆ ಆ ಬೆಲೆ ಶೇಕಡ 9.5 ಸಕ್ಕರೆ ಇಳುವರಿಗೆ ಇತ್ತು, ಅದಕ್ಕಿಂತ ಮೇಲೆ ಬಂದರೆ ಹೆಚ್ಚಿನ ಹಣ. 2018-19ರಲ್ಲಿ ಅದನ್ನು 10ಕ್ಕೆ ಏರಿಸಿದರು, 2022-23ರಲ್ಲಿ 10.25ಕ್ಕೆ. 2025-26ಕ್ಕೆ ಟನ್ನಿಗೆ 3,550 ಅಂತ ಸಾರಿದ್ದು ಈ 10.25ರ ಲೆಕ್ಕಕ್ಕೆ. ಹಿಂದೆ ಮೇಲುಗಟ್ಟಾಗಿ ಸಿಗುತ್ತಿದ್ದ ಮುಕ್ಕಾಲು ಪರ್ಸೆಂಟಿನ ಹಣ ಮೂಲ ದರದೊಳಗೇ ಕರಗಿಹೋಯಿತು. ಅದರಲ್ಲಿ ಕಟಾವು, ಸಾಗಾಣಿಕೆ ಕಳೆದು ನಿಮ್ಮ ಕೈಗೆ ಬರುವುದೆಷ್ಟು ಎಂಬುದು ನಿಮಗೇ ಗೊತ್ತು. ಆದರೆ ರಾಜ್ಯದ ಮಂತ್ರಿ ದೆಹಲಿ ಕಡೆ ಬೆರಳು ತೋರಿಸಿ ಕೂರುವಂತಿಲ್ಲ. ಕಬ್ಬಿನ ಖರೀದಿ, ಸರಬರಾಜು ನಿಯಂತ್ರಿಸಲು ರಾಜ್ಯವೇ 2013ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಕೇಂದ್ರದವರು ರಾಜ್ಯದ ಮೇಲೆ, ರಾಜ್ಯದವರು ಕೇಂದ್ರದ ಮೇಲೆ ಹಾಕುವ ಆಟದಲ್ಲಿ ಚೆಂಡಾಗಿರುವುದು ನೀವು.

ಹಾಗಾದರೆ ಮಾಡುವುದೇನು? ರೋಟರಿಯವರ ಬಳಿಯೇ ಒಂದು ಒಳ್ಳೆಯ ಹತಾರ ಇದೆ. ಅವರ ಸಭೆಯ ಗೋಡೆಯ ಮೇಲೆ "ನಾಲ್ಕು ಬಗೆಯ ಪರೀಕ್ಷೆ" ಅಂತ ಒಂದು ಫಲಕ ತೂಗುಹಾಕಿರುತ್ತಾರೆ. ನಾವು ಆಡುವುದು, ಮಾಡುವುದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಹಿತವೇ ಎಂಬುದು ಅದರ ತಾತ್ಪರ್ಯ. ಅದು ಹುಟ್ಟಿದ ಕತೆ ಬಹಳ ಜನಕ್ಕೆ ತಿಳಿಯದು. 1932ರಲ್ಲಿ, ಜಗತ್ತೇ ಮುಗ್ಗರಿಸಿದ್ದ ಕಾಲದಲ್ಲಿ, ಅಮೆರಿಕದ ಷಿಕಾಗೋ ಊರಿನಲ್ಲಿ ಅಲ್ಯೂಮಿನಿಯಂ ಪಾತ್ರೆಯ ಕಂಪನಿಯೊಂದು ಸಾಲದಲ್ಲಿ ಮುಳುಗಿ ದಿವಾಳಿಯ ಬಾಗಿಲಿಗೆ ಬಂದಿತ್ತು. ಅದನ್ನು ಎತ್ತಲು ಹೋದ ಹರ್ಬರ್ಟ್ ಟೇಲರ್ ಎಂಬುವರು ತಮ್ಮ ಕಂಪನಿಗೆಂದು ಬರೆದುಕೊಂಡ ಪ್ರಶ್ನೆಗಳು ಅವು. 1943ರಲ್ಲಿ ರೋಟರಿ ಅವನ್ನು ತನ್ನದಾಗಿ ಮಾಡಿಕೊಂಡಿತು. ನೋಡಿ, ಸಾಲಗಾರನ ಮನೆಯಲ್ಲಿ ಹುಟ್ಟಿದ ಪ್ರಶ್ನೆಗಳು! ಹಾಗಿದ್ದ ಮೇಲೆ ಅವನ್ನು ಕೇಳುವ ಹಕ್ಕು ನಿಮಗಿಲ್ಲದೆ ಇನ್ಯಾರಿಗಿದೆ? ಮುಂದಿನ ಸಲ ಉಪನ್ಯಾಸ ಇದ್ದಾಗ, ಅತಿಥಿ ಯಾವ ಪಕ್ಷದವರಾದರೂ ಸರಿ, ಇವನ್ನೇ ಮುಂದಿಡಿ.

ಒಂದು, ಸತ್ಯದ ಪ್ರಶ್ನೆ. 2017ರಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50 ಸಾವಿರದವರೆಗೆ ಮನ್ನಾ ಎಂದು 8,165 ಕೋಟಿ ಸಾರಿತು. 2018ರಲ್ಲಿ ಕುಮಾರಸ್ವಾಮಿಯವರು ಎರಡು ಲಕ್ಷದವರೆಗೆ ಎಂದು 34,000 ಕೋಟಿ ಸಾರಿದರು. 2023ರ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಸಾರಿದ್ದೆಷ್ಟು, ನಮ್ಮ ತಾಲ್ಲೂಕಿನ ರೈತರ ಖಾತೆಗೆ ಜಮಾ ಆದದ್ದೆಷ್ಟು? ನಮ್ಮ ಸೊಸೈಟಿಯಲ್ಲಿ ಐದು ಲಕ್ಷ ಸಿಕ್ಕವರು ಎಷ್ಟು ಮಂದಿ? ಲೆಕ್ಕ ತನ್ನಿ ಅನ್ನಿ. ಕೇಂದ್ರದ ಪಕ್ಷದವರಾದರೆ ಇದನ್ನು ಕೇಳಿ: 2025-26ರಲ್ಲಿ ಭತ್ತಕ್ಕೆ ಖರ್ಚು 1,579 ಅಂತ ಹಿಡಿದು ಒಂದೂವರೆ ಪಟ್ಟು 2,369 ಕೊಟ್ಟೆವು ಅನ್ನುತ್ತೀರಿ. ಆ ಖರ್ಚಿನಲ್ಲಿ ನಮ್ಮ ಸ್ವಂತ ಭೂಮಿಯ ಗೇಣಿ, ನಾವು ಹೂಡಿದ ಬಂಡವಾಳದ ಬಡ್ಡಿ ಯಾಕಿಲ್ಲ? ಗಿರಣಿಯವರು ತಮ್ಮ ಕಟ್ಟಡದ ಬಾಡಿಗೆ, ಬಂಡವಾಳದ ಬಡ್ಡಿ ಬಿಟ್ಟು ಅಕ್ಕಿಗೆ ದರ ಕಟ್ಟುತ್ತಾರೆಯೇ? ಅವರೂ ಅಲ್ಲೇ ಕೂತಿರುತ್ತಾರೆ, ಅವರನ್ನೂ ಕೇಳಬಹುದು.

ಎರಡು, ನ್ಯಾಯದ ಪ್ರಶ್ನೆ. ಬೆಂಬಲ ಬೆಲೆ ಸಾರಿದ ಮೇಲೆ ಅದಕ್ಕಿಂತ ಕೆಳಗೆ ಮಾಲು ಹರಾಜಾದರೆ ಹೊಣೆ ಯಾರದು? ಖರೀದಿ ಕೇಂದ್ರ ತೆರೆಯುವುದು ಕಣದಲ್ಲಿ ಮಾಲಿದ್ದಾಗಲೋ, ಮಾಲೆಲ್ಲ ಮಂಡಿ ಸೇರಿದ ಮೇಲೋ?

ಮೂರು, ಸ್ನೇಹದ ಪ್ರಶ್ನೆ. ರೈತ ಸಾಲ ಮಾಡಿ ಮದುವೆ ಮಾಡುತ್ತಾನೆ, ಕುಡಿಯುತ್ತಾನೆ, ಮನ್ನಾಕ್ಕೆ ಕಾಯುತ್ತಾನೆ ಎಂಬ ಮಾತು ಪೇಟೆಯಲ್ಲಿ ಓಡಾಡುತ್ತದೆ. ಕೇಂದ್ರ ಸರ್ಕಾರವೇ 2019ರಲ್ಲಿ ನಡೆಸಿದ ಸಮೀಕ್ಷೆ ಬೇರೆ ಹೇಳುತ್ತದೆ. ದೇಶದಲ್ಲಿ ಒಂದು ರೈತ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದೂ ಕೂಲಿ, ದನ, ಎಲ್ಲ ಸೇರಿ. ತಲೆಯ ಮೇಲಿನ ಸರಾಸರಿ ಸಾಲ 74,121. ಕರ್ನಾಟಕದಲ್ಲಿ ಆ ಸಾಲ ಸುಮಾರು 1 ಲಕ್ಷ 26 ಸಾವಿರ. ಒಂದು ಮಳೆ ತಪ್ಪಿದರೆ, ಒಬ್ಬರು ಆಸ್ಪತ್ರೆಗೆ ಸೇರಿದರೆ ಈ ಆದಾಯದಲ್ಲಿ ಸಾಲ ತೀರುವುದು ಹೇಗೆ? ಕಂಪನಿ ದಿವಾಳಿಯಾದರೆ ಅದನ್ನು ಎಬ್ಬಿಸಲು 2016ರ ಕಾನೂನಿದೆ, ಬ್ಯಾಂಕುಗಳು ಕೂತು ಸಾಲ ಇಳಿಸಿಕೊಳ್ಳುತ್ತವೆ. ರೈತನ ವಿಷಯ ಬಂದಾಗ ಮಾತ್ರ ಅದು "ಪುಗಸಟ್ಟೆ" ಆಗುವುದು ಯಾಕೆ? ಈ ಮಾತು ಪೇಟೆಗೂ ಹಳ್ಳಿಗೂ ಸ್ನೇಹ ಬೆಳೆಸುತ್ತದೆಯೇ?

ನಾಲ್ಕು, ಹಿತದ ಪ್ರಶ್ನೆ. ಬೇಸಾಯಗಾರರಲ್ಲದವರು ಕೃಷಿ ಭೂಮಿ ಕೊಳ್ಳಬಾರದು ಎಂದು ನಮ್ಮ ಭೂಸುಧಾರಣಾ ಕಾಯ್ದೆಯಲ್ಲಿ 79ಎ, 79ಬಿ ಕಲಮುಗಳಿದ್ದವು. 2020ರಲ್ಲಿ ಯಡಿಯೂರಪ್ಪನವರ ಸರ್ಕಾರ ಅವನ್ನು ತೆಗೆದುಹಾಕಿತು. ಅದೇ ವರ್ಷ ಎಪಿಎಂಸಿ ಕಾಯ್ದೆಯನ್ನೂ ತಿದ್ದಿ, ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆಯಿತು. ಕೇಂದ್ರದ ಮೂರು ಕೃಷಿ ಕಾಯ್ದೆಗಳು 2021ರಲ್ಲಿ ವಾಪಸಾದವು, ದೆಹಲಿಯ ಗಡಿಯಲ್ಲಿ ಸುಮಾರು ಒಂದು ವರ್ಷ ರೈತರು ಕೂತ ಕಾರಣಕ್ಕೆ. ನಮ್ಮ ರಾಜ್ಯದ ತಿದ್ದುಪಡಿಗಳ ಬಗ್ಗೆ ನಿಮ್ಮ ಪಕ್ಷ ವಿರೋಧದಲ್ಲಿದ್ದಾಗ ಏನೆಂದಿತು, ಅಧಿಕಾರಕ್ಕೆ ಬಂದ ಮೇಲೆ ಏನು ಮಾಡಿತು ಅಂತ ಅತಿಥಿಯನ್ನು ಕೇಳಿ. ಬೆಲೆಯಿಲ್ಲದೆ ಸಾಲ, ಸಾಲಕ್ಕೆ ಹೊಲ ಮಾರಾಟ, ಕೊಳ್ಳುವವರು ಪೇಟೆಯವರು. ಹೀಗೆ ಆದರೆ ಆ ಕೋಣೆಯಲ್ಲಿ ಕೂತವರಲ್ಲಿ ಕೆಲವರಿಗೆ ಅಗ್ಗದ ಭೂಮಿ ಸಿಗಬಹುದು. ಆದರೆ ಹೊಲ ಕಳಕೊಂಡವನು ಗೊಬ್ಬರ ಕೊಳ್ಳುವುದಿಲ್ಲ, ಟ್ರ್ಯಾಕ್ಟರ್ ಕೊಳ್ಳುವುದಿಲ್ಲ, ಮಂಡಿಗೆ ಮಾಲು ತರುವುದಿಲ್ಲ. ಇದು ಎಲ್ಲರಿಗೂ ಹಿತವೇ ಅಂತ ಅವರೇ ಯೋಚಿಸಲಿ.

ಈ ಪ್ರಶ್ನೆಗಳನ್ನು ಜಗಳಕ್ಕೆ ಹೋದವರ ಹಾಗೆ ಕೇಳಬೇಡಿ. ನಾಲ್ಕೈದು ಜನ ಒಟ್ಟಿಗೆ ಹೋಗಿ, ಕಾರ್ಯದರ್ಶಿಗಳಿಗೆ ಮೊದಲೇ ಹೇಳಿ, ಚೀಟಿಯಲ್ಲಿ ಬರೆದು ಕೊಡಿ. ಪಹಣಿ, ಸೊಸೈಟಿ ಪಾಸ್‌ಬುಕ್ಕು, ಮಂಡಿಯ ಬಿಲ್ಲು ಜೇಬಿನಲ್ಲಿರಲಿ. ಅಂಕಿ ಇರುವವನ ಮಾತನ್ನು ಯಾರೂ ಸುಮ್ಮನೆ ತಳ್ಳಿಹಾಕಲಾರರು. ಉತ್ತರ ಬಂದರೆ ಬರೆದುಕೊಳ್ಳಿ. ಬರದಿದ್ದರೆ ಅದನ್ನೂ ಬರೆದುಕೊಂಡು ತಾರೀಖು ಹಾಕಿಡಿ. ವೋಟಿನ ಸಮಯದಲ್ಲಿ ಅದೇ ಅತಿಥಿ ನಿಮ್ಮೂರ ಬಾಗಿಲಿಗೆ ಬರುತ್ತಾರೆ, ಆಗ ಓದಿ ಹೇಳಿ.

ಒಂದು ಮಾತು ನಿಮಗೂ ಹೇಳಲೇಬೇಕು. ನಿಮ್ಮೂರ ಅರಳಿಕಟ್ಟೆಯ ಮೇಲೆ, ಟೀ ಅಂಗಡಿ ಬೆಂಚಿನ ಮೇಲೆ ನಡೆಯುವ ರಾಜಕಾರಣ ಯಾವುದು? ನಮ್ಮವನು ಮುಖ್ಯಮಂತ್ರಿ ಆಗುತ್ತಾನೋ ಇಲ್ಲವೋ, ಅವರ ಜಾತಿಗೆ ಎಷ್ಟು ಮಂತ್ರಿಗಿರಿ, ನಮ್ಮ ಜಾತಿಗೆ ಎಷ್ಟು ಎಂಬುದೇ ಅಲ್ಲವೇ? ಹಾಗಿದ್ದರೆ ಕ್ಲಬ್ಬಿನ ಕೋಣೆಗೂ ನಿಮ್ಮ ಕಟ್ಟೆಗೂ ಫ್ಯಾನು, ಕುರ್ಚಿ ಬಿಟ್ಟರೆ ವ್ಯತ್ಯಾಸವೇನು? ನಮ್ಮ ಜಾತಿಯವನು ಕುರ್ಚಿಯಲ್ಲಿ ಕೂತ ವರ್ಷ ನಮ್ಮ ರಾಗಿಗೆ ಮಂಡಿಯಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕಿದ್ದುಂಟೇ? ಕಟ್ಟೆಯ ಮಾತು ಬದಲಾಗದೆ ಕ್ಲಬ್ಬಿನ ಮಾತು ಬದಲಾಗುವುದಿಲ್ಲ.

ಕಡೆಯದಾಗಿ ಒಂದು ಸಲಹೆ. 1905ರಲ್ಲಿ ಷಿಕಾಗೋದಲ್ಲಿ ಒಬ್ಬ ವಕೀಲ, ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಉಡುಪಿನ ವ್ಯಾಪಾರಿ ಸೇರಿ ಈ ಕ್ಲಬ್ಬು ಶುರು ಮಾಡಿದಾಗ, ಒಂದೊಂದು ಸಲ ಒಬ್ಬೊಬ್ಬರ ಕೆಲಸದ ಜಾಗದಲ್ಲಿ ಸರದಿಯಂತೆ ಸೇರುತ್ತಿದ್ದರು. ಸರದಿ ತಿರುಗುವುದರಿಂದಲೇ ರೋಟರಿ ಎಂಬ ಹೆಸರು. ನಿಮ್ಮ ತಾಲ್ಲೂಕಿನ ಕ್ಲಬ್ಬಿನವರಿಗೆ ಗೌರವದಿಂದ ಒಂದು ಕಾಗದ ಬರೆಯಿರಿ: ಈ ಸುಗ್ಗಿಯಲ್ಲಿ ಒಂದು ಸಭೆ ನಮ್ಮ ಕಣದಲ್ಲಿ ಆಗಲಿ, ಗಂಟೆಯನ್ನೂ ಅತಿಥಿಯನ್ನೂ ಕರೆತನ್ನಿ, ಊಟ ನಮ್ಮದು. ರಾಶಿಯ ಮುಂದೆ ಕೂತು ರಾಜ್ಯ ರಾಜಕಾರಣ ಹೇಳಲಿ. ಒಪ್ಪಿ ಬಂದರೆ ಸಂತೋಷ. ಬಾರದಿದ್ದರೆ ಸಭೆ ನೀವೇ ಸೇರಿಸಿ, ಮೊದಲ ಪ್ರಶ್ನೆ ನೀವೇ ಕೇಳಿಕೊಳ್ಳಿ: ಈ ರಾಶಿಗೆ ನಮಗೆ ಬಿದ್ದ ಖರ್ಚೆಷ್ಟು, ಸಿಗುವ ಬೆಲೆ ಎಷ್ಟು, ನಡುವಿನ ಹಣ ಯಾರ ಪಾಲಾಯಿತು?